ಅಲೆ ಎಲ್ಲಿಂದ ಬಂತು: ಬೆರಾ ಪರೀಕ್ಷೆಯ ಒಂದು ಬೆಳಗು

ಶಬ್ದಕ್ಕೆ ಮೆದುಳಿನ ಕಾಂಡ ಕೊಡುವ ವಿದ್ಯುತ್ತಿನ ಉತ್ತರವನ್ನು ನಿದ್ದೆಯಲ್ಲಿ ಅಳೆದು ಮಗುವಿಗೆ ಎಷ್ಟು ಕೇಳುತ್ತದೆಂದು ನೋಡುವ ಬೆರಾ (BERA) ಪರೀಕ್ಷೆ ಕೆಡುವುದು ಹೆಚ್ಚಾಗಿ ಬಸ್ಸಿನಲ್ಲಿ. ಮುಳ್ಳೇರಿಯ, ಪೆರ್ಲ, ಆದೂರು ಕಡೆಯಿಂದ ಬೆಳಗಿನ ಬಸ್ಸು ಹಿಡಿದ ಮಗು ಆ ತಿರುವುಗಳ ದಾರಿಯುದ್ದಕ್ಕೂ ತಾಯಿಯ ಮಡಿಲಲ್ಲಿ ಗಡದ್ದಾಗಿ ನಿದ್ದೆ ಮಾಡಿ, ಕಾಸರಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಕಣ್ಣು ಬಿಡುತ್ತದೆ. "ಇಷ್ಟು ಹೊತ್ತು ಒರಗಿತ್ತು ಡಾಕ್ಟ್ರೇ, ಇಲ್ಲಿ ಇಳಿದದ್ದೇ ತಡ ಎದ್ದುಬಿಟ್ಟಿತು" ಎಂದು ಅಜ್ಜಿ ಹೇಳುವ ಹೊತ್ತಿಗೆ ಮಗು ನಮ್ಮ ಮೇಜಿನ ಮೇಲಿನ ಪೆನ್ನು ಎಳೆಯುತ್ತಿರುತ್ತದೆ. ನಮಗೆ ಬೇಕಾದದ್ದು ನಲವತ್ತರಿಂದ ಅರುವತ್ತು ನಿಮಿಷದ ಗಾಢ ನಿದ್ದೆ. ಹಾಗಾಗಿ ದಿನ ಗೊತ್ತುಮಾಡುವಾಗಲೇ ತಾಯಿಗೆ ಹೇಳಿಬಿಡುತ್ತೇವೆ: ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ಮಾತನಾಡಿಸುತ್ತ ಆಡಿಸುತ್ತ ಕರೆತನ್ನಿ, ಹಾಲನ್ನು ಇಲ್ಲಿಗೆ ಬಂದು ತಲೆಗೆ ಎಲೆಕ್ಟ್ರೋಡ್ ಅಂಟಿಸಿದ ಮೇಲೆ ಕುಡಿಸಿ. ಇಷ್ಟಾಗಿಯೂ ಮಲಗದ ಮಗುವಿಗೆ ನಿದ್ದೆಯ ಸಿರಪ್ ಬೇಕಾಗುತ್ತದೆ. ಅದು ಮಕ್ಕಳ ಡಾಕ್ಟರು ತೂಕ ನೋಡಿ, ಎದೆ ಪರೀಕ್ಷಿಸಿ, ಎಷ್ಟು ಹೊತ್ತು ಹೊಟ್ಟೆ ಖಾಲಿಯಿರಬೇಕೆಂದು ಹೇಳಿ, ಆಮ್ಲಜನಕದ ಮಟ್ಟ ನೋಡುತ್ತ ಕೊಡಬೇಕಾದ ಔಷಧ. ಮನೆಯಲ್ಲೇ ಕುಡಿಸಿ ತರುವುದು ಅಪಾಯ.

ಎರಡನೆಯ ಮಾತು ಎಣ್ಣೆಯದು. ನಮ್ಮ ಕಡೆ ಮಗುವಿನ ನೆತ್ತಿಗೆ ತೆಂಗಿನೆಣ್ಣೆ ಹಚ್ಚದೆ ಮನೆಯಿಂದ ಹೊರಡಿಸುವವರು ಕಡಿಮೆ, ಆಸ್ಪತ್ರೆಗೆ ಹೋಗುವ ದಿನವಂತೂ ಇನ್ನೂ ಒಂದು ಚಮಚ ಹೆಚ್ಚು. ಎಣ್ಣೆ ವಿದ್ಯುತ್ತನ್ನು ಹಾಯಲು ಬಿಡುವುದಿಲ್ಲ. ನಾವು ಹುಡುಕುವುದು ಒಂದು ವೋಲ್ಟಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಸಣ್ಣದಾದ, ಸುಮಾರು ಅರ್ಧ ಮೈಕ್ರೋವೋಲ್ಟಿನ ಅಲೆ. ಅದು ಮೆದುಳಿನ ಕಾಂಡದಿಂದ ಹೊರಟು ತಲೆಬುರುಡೆ, ಚರ್ಮ ದಾಟಿ ನಮ್ಮ ಎಲೆಕ್ಟ್ರೋಡಿಗೆ, ಅಂದರೆ ಬೆಳ್ಳಿಯ ಬಿಲ್ಲೆಗೆ, ತಲುಪಬೇಕು. ದಾರಿಯ ಕೊನೆಗೆ ಒಂದು ಎಣ್ಣೆಪದರ ಸಿಕ್ಕರೆ ಅಷ್ಟಕ್ಕೇ ಕೆಟ್ಟಿತು. ಹಾಗಾಗಿ ಹಿಂದಿನ ದಿನ ಸೀಗೆಪುಡಿಯಲ್ಲೋ ಶಾಂಪೂವಿನಲ್ಲೋ ತಲೆ ತೊಳೆದು ಎಣ್ಣೆ ಮುಟ್ಟಿಸದೆ ಕರೆತರಬೇಕು. ಹಣೆಯ ಗಂಧ, ಭಸ್ಮ, ದೃಷ್ಟಿಬೊಟ್ಟಿನ ಕಾಡಿಗೆಯನ್ನು ನಾವೇ ಒರೆಸುತ್ತೇವೆ. ಯಾಕೆಂದು ತಿಳಿಸಿ ಹೇಳಿದರೆ ಯಾರೂ ಬೇಸರಪಡುವುದಿಲ್ಲ, ಪರೀಕ್ಷೆ ಮುಗಿದ ಮೇಲೆ ಹೊಸ ಬೊಟ್ಟು ಇಡಬಹುದು.

ಕೋಣೆಯ ಕತೆ ಬೇರೆ. ಶಬ್ದ ಬರದ ಹಾಗೆ ಗೋಡೆಗೆ ಹಾಸು ಹೊಡೆದರೆ ಸಾಲದು, ಭೂಮಿಗೆ ಇಳಿಸುವ ತಂತಿ, ಅಂದರೆ ಅರ್ತಿಂಗ್, ಸರಿಯಿರಬೇಕು. ಕಾಸರಗೋಡಿನ ನೆಲದ ಕೆಳಗೆ ಮುರಕಲ್ಲು. ಮಳೆಗಾಲದಲ್ಲಿ ನೀರು ಕುಡಿದು ತಂಪಾಗಿರುವ ಆ ಮಣ್ಣು ಮಾರ್ಚ್, ಎಪ್ರಿಲ್ ಹೊತ್ತಿಗೆ ಒಣಗಿ ಗಟ್ಟಿಯಾಗುತ್ತದೆ. ಆಗ ಅರ್ತಿಂಗ್ ಗುಂಡಿಯ ಪ್ರತಿರೋಧ ಏರಿ, ಪರದೆಯ ತುಂಬ 50 ಹರ್ಟ್ಸಿನ ಗುಂಯ್‌ಗುಡುವ ಅಲೆ ಕಾಣಿಸತೊಡಗುತ್ತದೆ. ಗುಂಡಿಗೆ ನೀರು ಹೊಯ್ಯುವುದು ಹಳೆಯ ಉಪಾಯ, ಈಗಲೂ ಫಲ ಕೊಡುತ್ತದೆ. ಹಳೆಯ ಚೋಕಿನ ಟ್ಯೂಬ್‌ಲೈಟು, ಫ್ಯಾನಿನ ರೆಗ್ಯುಲೇಟರು, ಜೇಬಿನ ಮೊಬೈಲು ಎಲ್ಲವನ್ನೂ ಆರಿಸಬೇಕು. ಕರೆಂಟು ಹೋದಾಗ ಅಗ್ಗದ ಇನ್ವರ್ಟರಿನಲ್ಲಿ ಪರೀಕ್ಷೆ ಮುಂದುವರಿಸಬಾರದು. ಅದು ಕೊಡುವ ಚೌಕಾಕಾರದ ಅಲೆಯಲ್ಲಿ ಎಲ್ಲ ಆವರ್ತನಗಳ ಕಸವೂ ಇರುತ್ತದೆ. ಆ ಹೊತ್ತಿಗೆ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ ಯಂತ್ರ ನಡೆಸುವುದು ಮೇಲು.

ಎಲೆಕ್ಟ್ರೋಡ್ ಇಡುವ ಮೊದಲು ನಡುಗಿವಿ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರಿನ ವರೆಗೆ ಬರುವ ಮಕ್ಕಳಲ್ಲಿ ನೆಗಡಿ ಸಾಮಾನ್ಯ, ನೆಗಡಿಯ ಬೆನ್ನಿಗೆ ಕಿವಿತಮಟೆಯ ಹಿಂದೆ ನೀರು ತುಂಬುವುದೂ ಸಾಮಾನ್ಯ. ತಮಟೆ ಎಷ್ಟು ಅಲುಗುತ್ತದೆಂದು ಅಳೆಯುವ ಟಿಂಪನೋಮೀಟರಿನ ಗೆರೆ ಶಿಖರವಿಲ್ಲದೆ ಚಪ್ಪಟೆಯಾಗಿ ಬಂದರೆ ಆ ದಿನದ ಬೆರಾ ಫಲಿತಾಂಶಕ್ಕೆ ಒಂದು ಷರತ್ತು ಸೇರಿಕೊಂಡಿತು ಎಂದರ್ಥ. ಆರು ತಿಂಗಳ ಒಳಗಿನ ಮಗುವಿಗೆ 226 ಹರ್ಟ್ಸಿನ ಸ್ವರ ನಂಬುವಂಥದ್ದಲ್ಲ, 1000 ಹರ್ಟ್ಸಿನದ್ದು ಬಳಸಬೇಕು. ಮಗುವಿನ ಕಿವಿಯ ನಾಳದ ಗೋಡೆ ಇನ್ನೂ ಮೆತ್ತಗಿರುವುದರಿಂದ ಕಡಿಮೆ ಆವರ್ತನದಲ್ಲಿ, ನೀರು ತುಂಬಿದ್ದರೂ ಗೆರೆ ಸರಿಯೆನ್ನುವಂತೆ ಬರಬಹುದು.

ಈಗ ತಲೆ. ಒಂದು ಬಿಲ್ಲೆ ಹಣೆಯ ಮೇಲ್ತುದಿಯಲ್ಲಿ, ಕೂದಲು ಶುರುವಾಗುವಲ್ಲಿ. ಎರಡು ಬಿಲ್ಲೆಗಳು ಎರಡೂ ಕಿವಿಗಳ ಹಿಂದಿನ ಎಲುಬಿನ ಉಬ್ಬಿನ ಮೇಲೆ. ನಾಲ್ಕನೆಯದು, ಭೂಮಿಯದು, ಹುಬ್ಬುಗಳ ನಡುವೆ. ದೊಡ್ಡವರಲ್ಲಿ ಮೊದಲನೆಯದನ್ನು ನಡುನೆತ್ತಿಗೆ ಇಡಬಹುದು: ಮೂಗಿನ ಬುಡದಿಂದ ತಲೆಯ ಹಿಂಬದಿಯ ಉಬ್ಬಿನ ವರೆಗೆ ಟೇಪು ಹಿಡಿದು ಅರ್ಧ, ಒಂದು ಕಿವಿಯ ಮುಂದಿನ ತಗ್ಗಿನಿಂದ ಇನ್ನೊಂದರ ವರೆಗೆ ಅರ್ಧ, ಎರಡೂ ಸೇರುವ ಬಿಂದು. 1958ರಲ್ಲಿ ಜಾಸ್ಪರ್ ರೂಪಿಸಿದ ಹತ್ತು-ಇಪ್ಪತ್ತರ ಅಳತೆಯಲ್ಲಿ ಅದಕ್ಕೆ ಸಿ-ಝಡ್ ಎಂದು ಹೆಸರು. ನೆತ್ತಿ ಇನ್ನೂ ಗಟ್ಟಿಯಾಗದ ಕೂಸಿಗೆ ಅಲ್ಲಿ ಒತ್ತಿ ಉಜ್ಜಬಾರದು, ಹಣೆಯೇ ಸರಿ. ಅಲೆಯ ಎತ್ತರ ಸ್ವಲ್ಪ ಕಡಿಮೆಯಾದರೂ ಅಡ್ಡಿಯಿಲ್ಲ.

ಉಜ್ಜುವ ಜೆಲ್ಲನ್ನು ಹತ್ತಿಯಲ್ಲಿ ತೆಗೆದುಕೊಂಡು ಒಂದೇ ದಿಕ್ಕಿಗೆ ಏಳೆಂಟು ಸಲ, ಚರ್ಮ ತುಸು ಕೆಂಪಾಗುವ ತನಕ. ಮೇಲೆ ಬಟಾಣಿಗಿಂತ ಸಣ್ಣ ಉಂಡೆಯಷ್ಟು ಅಂಟುಪೇಸ್ಟು, ಅದರ ಮೇಲೆ ಬಿಲ್ಲೆ, ಅದರ ಮೇಲೆ ಟೇಪು. ಪೇಸ್ಟು ಹೆಚ್ಚಾದರೆ ಸೆಕೆಯಲ್ಲಿ ಕರಗಿ ಹರಡುತ್ತದೆ, ಹಣೆಯ ಎರಡು ಬಿಲ್ಲೆಗಳ ಪೇಸ್ಟು ಒಂದನ್ನೊಂದು ಮುಟ್ಟಿದರೆ ಅವೆರಡೂ ಒಂದೇ ಆದ ಹಾಗೆ. ಪ್ರತಿರೋಧ 5 ಕಿಲೋಓಮ್‌ಗಿಂತ ಕೆಳಗಿರಬೇಕು, ಅದಕ್ಕಿಂತ ಮುಖ್ಯವಾಗಿ ಬಿಲ್ಲೆ ಬಿಲ್ಲೆಗಳ ನಡುವಿನ ವ್ಯತ್ಯಾಸ 2 ಕಿಲೋಓಮ್ ದಾಟಬಾರದು. ಎರಡೂ ಬಿಲ್ಲೆಗಳಿಗೆ ಸಮನಾಗಿ ಬಂದ ಕರೆಂಟಿನ ಕಸವನ್ನು ಆಂಪ್ಲಿಫಯರ್ ಕಳೆದುಹಾಕುತ್ತದೆ. ಒಂದು 1 ಕಿಲೋಓಮ್, ಇನ್ನೊಂದು 5 ಆದರೆ ಕಸ ಸಮನಾಗಿ ಬರುವುದಿಲ್ಲ, ಕಳೆದರೂ ಉಳಿಯುತ್ತದೆ. ಹೊಸಬರು ಮೊದಲ ಸಂಖ್ಯೆ ನೋಡಿ ಸಮಾಧಾನಪಟ್ಟು ಎರಡನೆಯದನ್ನು ಮರೆಯುತ್ತಾರೆ. ತಂತಿಗಳನ್ನು ಜಡೆಯ ಹಾಗೆ ಹೆಣೆದು ಒಟ್ಟಿಗೆ ತೆಗೆದುಕೊಂಡು ಹೋಗುವುದೂ ಇದೇ ಕಾರಣಕ್ಕೆ.

ಕಿವಿಗೆ ಸ್ಪಂಜಿನ ತುದಿಯ ಕೊಳವೆ. ಕೊಳವೆಯ ಮೂಲಕ ಶಬ್ದ ತಲುಪಲು ಸುಮಾರು 0.9 ಮಿಲಿಸೆಕೆಂಡ್ ತಗಲುತ್ತದೆ. ಯಂತ್ರದಲ್ಲಿ ಅದನ್ನು ಕಳೆಯುವ ಆಯ್ಕೆ ಹಾಕಿದ್ದೇವೆಯೇ ಎಂದು ಪ್ರತಿಸಲ ನೋಡಬೇಕು. ಹಾಕದಿದ್ದರೆ ಎಲ್ಲ ಅಲೆಗಳೂ ಹತ್ತಿರಹತ್ತಿರ ಒಂದು ಮಿಲಿಸೆಕೆಂಡ್ ತಡವಾಗಿ ಕಂಡು, ಏನೂ ಇಲ್ಲದ ಮಗುವಿಗೆ ಇಲ್ಲದ ರೋಗ ಅಂಟಿಕೊಳ್ಳುತ್ತದೆ. ಕೊಡುವ ಶಬ್ದ 100 ಮೈಕ್ರೋಸೆಕೆಂಡಿನ ಕ್ಲಿಕ್, ಕೇಳಲಿಕ್ಕೆ ಒಣಕಡ್ಡಿ ಮುರಿದಂತೆ. ಸೆಕೆಂಡಿಗೆ 27.1 ಸಲ. ಆ ದಶಮಾಂಶ ಸುಮ್ಮನೆ ಇಟ್ಟದ್ದಲ್ಲ. ಸೆಕೆಂಡಿಗೆ ಸರಿಯಾಗಿ 25 ಕೊಟ್ಟರೆ 50 ಹರ್ಟ್ಸಿನ ಕರೆಂಟು ಪ್ರತಿ ಕ್ಲಿಕ್ಕಿನ ಜೊತೆಗೂ ಒಂದೇ ಹಂತದಲ್ಲಿ ಬಂದು, ಸರಾಸರಿಯಲ್ಲಿ ಕಳೆಯುವ ಬದಲು ಕೂಡುತ್ತ ಹೋಗುತ್ತದೆ.

ಸರಾಸರಿಯೇ ಈ ಪರೀಕ್ಷೆಯ ಜೀವ. ಮೆದುಳಿನ ತನ್ನಷ್ಟಕ್ಕಿನ ವಿದ್ಯುತ್ತು ಹತ್ತಾರು ಮೈಕ್ರೋವೋಲ್ಟ್, ನಮ್ಮ ಅಲೆ ಅರ್ಧ ಮೈಕ್ರೋವೋಲ್ಟ್. ಆದರೆ ಕ್ಲಿಕ್ಕಿನ ಉತ್ತರ ಪ್ರತಿಸಲವೂ ಅದೇ ಹೊತ್ತಿಗೆ ಬರುತ್ತದೆ, ಉಳಿದದ್ದು ಹೇಗೆ ಹೇಗೋ ಬರುತ್ತದೆ. 2000 ಸಲ ಕೂಡಿ ಭಾಗಿಸಿದರೆ ಗದ್ದಲ 2000ದ ವರ್ಗಮೂಲದಷ್ಟು, ಅಂದರೆ ಸುಮಾರು 45 ಪಾಲು ಇಳಿಯುತ್ತದೆ. 27.1ರ ವೇಗದಲ್ಲಿ ಇದಕ್ಕೆ 74 ಸೆಕೆಂಡ್ ಸಾಕು. ಗದ್ದಲವನ್ನು ಇನ್ನೂ ಅರ್ಧಕ್ಕಿಳಿಸಬೇಕಾದರೆ 4000 ಅಲ್ಲ, 8000 ಬೇಕು. ಎಚ್ಚರವಿರುವ, ಮಿಸುಕಾಡುವ ಮಗುವಿನಲ್ಲಿ ಎಷ್ಟು ಕೂಡಿದರೂ ಗೆರೆ ಸ್ವಚ್ಛವಾಗದಿರುವುದು ಈ ಲೆಕ್ಕದಿಂದಲೇ. ನಿದ್ದೆಗೆ ನಾವು ಅಷ್ಟು ಒದ್ದಾಡುವುದೂ ಅದಕ್ಕೇ. ಪ್ರತಿ ಮಟ್ಟದಲ್ಲೂ ಎರಡು ಸಲ ದಾಖಲಿಸಿ ಒಂದರ ಮೇಲೊಂದು ಇಟ್ಟು ನೋಡುತ್ತೇವೆ. ಎರಡರಲ್ಲೂ ಒಂದೇ ಜಾಗದಲ್ಲಿ ಏಳದ ಉಬ್ಬು ಅಲೆಯೇ ಅಲ್ಲ.

ಪರದೆಯ ಮೇಲೆ 10 ಮಿಲಿಸೆಕೆಂಡಿನೊಳಗೆ ಮೂಡುವ ಆ ಐದು ಉಬ್ಬುಗಳನ್ನು ನೋಡಿದಾಗಲೆಲ್ಲ ನಮಗೆ ಇದು ವಿದ್ಯುತ್ತಿನ ಚಿತ್ರ ಎನ್ನುವುದಕ್ಕಿಂತ ಅಂಗರಚನೆಯ ಚಿತ್ರ ಎನಿಸುತ್ತದೆ. 1971ರಲ್ಲಿ ಜ್ಯೂವೆಟ್ ಮತ್ತು ವಿಲ್ಲಿಸ್ಟನ್ ಈ ಅಲೆಗಳಿಗೆ ರೋಮನ್ ಅಂಕಿಗಳನ್ನು ಕೊಟ್ಟರು, ಅವೇ ಇಂದಿಗೂ ಉಳಿದಿವೆ. ದೊಡ್ಡವರಲ್ಲಿ, ಜೋರು ಕ್ಲಿಕ್ಕಿಗೆ, ಒಂದನೆಯ ಅಲೆ ಸುಮಾರು 1.5 ಮಿಲಿಸೆಕೆಂಡಿಗೆ: ಶ್ರವಣ ನರ ಒಳಕಿವಿಯ, ಬಸವನಹುಳದ ಚಿಪ್ಪಿನಂಥ ಕಾಕ್ಲಿಯದಿಂದ ಹೊರಬೀಳುವ ತುದಿಯಲ್ಲಿ. ಎರಡನೆಯದು ಅದೇ ನರ ಮೆದುಳಿಗೆ ಸೇರುವ ತುದಿಯಲ್ಲಿ. ಮೂರನೆಯದು ಸುಮಾರು 3.7ಕ್ಕೆ, ಮುಖ್ಯವಾಗಿ ಕಾಕ್ಲಿಯರ್ ನ್ಯೂಕ್ಲಿಯಸ್ ಎಂಬ ಮೊದಲ ನಿಲ್ದಾಣದಲ್ಲಿ. ನಾಲ್ಕನೆಯದಕ್ಕೆ ಎರಡೂ ಕಿವಿಗಳ ಸುದ್ದಿ ಕೂಡುವ ಆಲಿವರಿ ಗಂಟುಗಳ ಸುತ್ತಿನ ಭಾಗ ಕಾರಣ. ಐದನೆಯದು 5.6ರ ಆಸುಪಾಸಿಗೆ, ಲ್ಯಾಟರಲ್ ಲೆಮ್ನಿಸ್ಕಸ್ ಎಂಬ ನರಪಟ್ಟಿ ನಡುಮೆದುಳಿನ ಇನ್‌ಫೀರಿಯರ್ ಕಾಲಿಕ್ಯುಲಸ್ ಸೇರುವಲ್ಲಿ. ಮೂರರಿಂದಾಚೆಗೆ ಒಂದು ಅಲೆಗೆ ಒಂದೇ ಮೂಲ ಎಂದು ಗೆರೆ ಎಳೆದು ಹೇಳಲಾಗದು, ಹಲವು ಕಡೆಯ ವಿದ್ಯುತ್ತು ಅಲ್ಲಿ ಬೆರೆತಿರುತ್ತದೆ.

ಎರಡನೆಯ ಅಲೆಯ ವಿಷಯ ನಮಗೆ ಬಹಳ ಇಷ್ಟ, ರಚನೆಯೇ ಅಲೆಯನ್ನು ಹೇಗೆ ಮಾಡುತ್ತದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗದು. ಬೆಕ್ಕಿನ ಶ್ರವಣ ನರ ಹೆಚ್ಚುಕಡಿಮೆ 8 ಮಿಲಿಮೀಟರ್. ಮನುಷ್ಯನದ್ದು ಸುಮಾರು 25. ಬೆಕ್ಕಿನಲ್ಲಿ ಎರಡನೆಯ ಉಬ್ಬು ಬರುವುದು ಕಾಕ್ಲಿಯರ್ ನ್ಯೂಕ್ಲಿಯಸ್ಸಿನಿಂದ. ಮನುಷ್ಯನಲ್ಲಿ ನರ ಉದ್ದವಾದುದರಿಂದ ಸಂಕೇತ ಅದರ ಈ ತುದಿಯಿಂದ ಆ ತುದಿಗೆ ಹೋಗಲು ಸುಮಾರು ಒಂದು ಮಿಲಿಸೆಕೆಂಡ್ ತಗಲಿ, ಒಂದೇ ನರ ಎರಡು ಉಬ್ಬುಗಳನ್ನು ಕೊಡುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ನೇರವಾಗಿ ಮನುಷ್ಯನಿಗೆ ಹಚ್ಚಿದ ಹಳೆಯ ಪಾಠಗಳಲ್ಲಿ ಎರಡನೆಯ ಅಲೆಯಿಂದ ಆಚೆಗಿನ ವಿಳಾಸಗಳೆಲ್ಲ ಒಂದೊಂದು ಮನೆ ತಪ್ಪಿದ್ದು ಇದರಿಂದ. ಶಸ್ತ್ರಕ್ರಿಯೆಯ ಹೊತ್ತಿನಲ್ಲಿ ನರದ ಮೇಲೆಯೇ ತಂತಿಯಿಟ್ಟು ಅಳೆದ ಮೇಲೆ ಅದು ಸರಿಹೋಯಿತು.

ಒಂದನೆಯ ಅಲೆ ಎಲ್ಲಿದೆಯೆಂದು ಗೊಂದಲವಾದರೆ ಎದುರು ಕಿವಿಯ ಹಿಂದಿನ ಬಿಲ್ಲೆಯ ಗೆರೆ ನೋಡಿ. ಅಲ್ಲಿ ಒಂದನೆಯದು ಕಾಣದು, ಯಾಕೆಂದರೆ ಅದು ಹತ್ತಿರದ ಬಿಲ್ಲೆಗಷ್ಟೇ ಸಿಗುವ ಹತ್ತಿರದ ವಿದ್ಯುತ್ತು. ಐದನೆಯದು ಮಾತ್ರ ಎರಡೂ ಕಡೆ ಇರುತ್ತದೆ. ಹಾಗೆಯೇ ನಾಲ್ಕು-ಐದು ಅಂಟಿಕೊಂಡಿದ್ದರೆ ಎದುರು ಗೆರೆಯಲ್ಲಿ ಬಿಡಿಸಿಕೊಂಡು ಕಾಣುವುದುಂಟು. ಶಬ್ದ ಜೋರಿದ್ದಾಗ 12ರಿಂದ 15 ಮಿಲಿಸೆಕೆಂಡಿನ ಹತ್ತಿರ ಒಂದು ದೊಡ್ಡ ಚೂಪು ಬರುತ್ತದೆ. ಅದು ಮೆದುಳಲ್ಲ, ಕಿವಿಯ ಹಿಂದಿನ ಸ್ನಾಯು. ಮಗುವಿನ ಕುತ್ತಿಗೆಯ ಕೆಳಗೆ ಮಡಚಿದ ಬಟ್ಟೆಯಿಟ್ಟು ಸಡಿಲಗೊಳಿಸಿದರೆ, ಅಥವಾ ಬಿಲ್ಲೆಯನ್ನು ಕಿವಿಯ ಹಾಲೆಗೆ ಬದಲಿಸಿದರೆ ಹೋಗುತ್ತದೆ. ಅದಕ್ಕೇ ಓಲೆ, ಟಿಕ್ಕಿ ಕಳಚಿಡಲು ಮೊದಲೇ ಹೇಳುವುದು.

70 ಡೆಸಿಬೆಲ್ಲಿನಿಂದ ಶುರುಮಾಡಿ 50, 30 ಎಂದು ಇಳಿಸುತ್ತ ಹೋದಂತೆ ಉಳಿದ ಅಲೆಗಳು ಒಂದೊಂದಾಗಿ ಮುಳುಗಿ, ಐದನೆಯದು ಕೊನೆಯ ವರೆಗೆ ನಿಲ್ಲುತ್ತದೆ. ಪ್ರತಿ 10 ಡೆಸಿಬೆಲ್ಲಿಗೂ ಅದು ಸುಮಾರು 0.3 ಮಿಲಿಸೆಕೆಂಡ್ ಹಿಂದೆ ಸರಿಯುತ್ತ, ಕೇಳುವ ಅಂಚಿಗೆ ಬಂದಾಗ 8ರ ಹತ್ತಿರ ಇರುತ್ತದೆ. ಅದು ಕಾಣುವ ಅತ್ಯಂತ ಕಡಿಮೆ ಮಟ್ಟವೇ ನಮಗೆ ಸಿಗುವ ಉತ್ತರ. ಆದರೆ ಕ್ಲಿಕ್ ಹೇಳುವುದು ಹೆಚ್ಚಾಗಿ 2000ದಿಂದ 4000 ಹರ್ಟ್ಸಿನ ಸುದ್ದಿಯನ್ನು. ಅಲ್ಲಿ ಕೇಳದ ಮಗುವಿಗೆ 500 ಹರ್ಟ್ಸಿನಲ್ಲಿ ಕೇಳುವ ಶಕ್ತಿ ಉಳಿದಿರಬಹುದು. ಅದಕ್ಕೆ ಬೇರೆ ಟೋನ್ ಬರ್ಸ್ಟ್, ಅಂದರೆ ಒಂದೇ ಆವರ್ತನದ ಚುಟುಕು ಸ್ವರ, ಕೊಟ್ಟು ನೋಡಲೇಬೇಕು, ಮಗು ಏಳುವ ಮೊದಲು. ನಿದ್ದೆ ಕಡಿಮೆ ಸಿಕ್ಕಿದ ದಿನ ಎರಡೂ ಕಿವಿಗೆ ಮೊದಲು ಒಂದೊಂದು ಕ್ಲಿಕ್, ಒಂದೊಂದು 500 ಮುಗಿಸಿ ಉಳಿದದ್ದನ್ನು ಆಮೇಲೆ ಮಾಡುವುದು ನಮ್ಮ ಪದ್ಧತಿ. ಬಲಗಿವಿಯ ಸಂಪೂರ್ಣ ವಿವರ ಸಿಕ್ಕಿ ಎಡಗಿವಿಯ ಒಂದು ಗೆರೆಯೂ ಇಲ್ಲದಿದ್ದರೆ ತಾಯಿ ಮತ್ತೊಮ್ಮೆ ಅಷ್ಟು ದೂರ ಬರಬೇಕಾಗುತ್ತದೆ.

"ಕುಂಬಳೆ ಬೆಡಿಗೆ ಬೆಚ್ಚಿ ಅತ್ತಿದ್ದಾನೆ, ಕಿವಿ ಕೇಳದೆ ಇರಲಿಕ್ಕುಂಟಾ?" ಎಂದು ಕೇಳುವ ಹೆತ್ತವರು ಹಲವರು. ಬೆಡಿಯ, ಅಂದರೆ ಜಾತ್ರೆಯ ಸಿಡಿಮದ್ದಿನ, ಸದ್ದು ಎದೆಗೆ ಬಡಿಯುತ್ತದೆ, ನೆಲ ನಡುಗುತ್ತದೆ. ಚೆಂಡೆಯ ಪೆಟ್ಟಿಗೂ ಹಾಗೆಯೇ. 80 ಡೆಸಿಬೆಲ್ ಕಿವುಡಿದ್ದರೂ ಮಗು ಅದಕ್ಕೆ ತಿರುಗಬಹುದು. ಮಾತು ಕಲಿಯಲು ಬೇಕಾದ 'ಸ', 'ತ', 'ಕ'ಗಳ ಸಣ್ಣ ಸದ್ದು ಬೇರೆಯೇ. ಇದನ್ನು ಹೇಳುವುದಕ್ಕೆ ಐದು ನಿಮಿಷ ಕೊಟ್ಟರೆ ಮುಂದಿನ ಐದು ತಿಂಗಳು ವ್ಯರ್ಥವಾಗುವುದು ತಪ್ಪುತ್ತದೆ.

ಅಲೆಗಳ ನಡುವಿನ ಅಂತರ ದಾರಿಯ ಸ್ಥಿತಿಯನ್ನು ಹೇಳುತ್ತದೆ. ಒಂದರಿಂದ ಐದಕ್ಕೆ ದೊಡ್ಡವರಲ್ಲಿ ಸುಮಾರು 4 ಮಿಲಿಸೆಕೆಂಡ್. ನಡುಗಿವಿಯಲ್ಲಿ ನೀರಿದ್ದರೆ ಒಂದನೆಯ ಅಲೆಯೇ ತಡವಾಗಿ, ಇಡೀ ಸಾಲು ಹಾಗೆಯೇ ಬಲಕ್ಕೆ ಸರಿಯುತ್ತದೆ, ಅಂತರ ಬದಲಾಗುವುದಿಲ್ಲ. ಒಂದರಿಂದ ಮೂರರ ನಡುವೆ ಹಿಗ್ಗಿದರೆ ನರ ಅಥವಾ ಕಾಂಡದ ಕೆಳಭಾಗದಲ್ಲಿ ತೊಂದರೆ, ಮೂರರಿಂದ ಐದರ ನಡುವೆ ಹಿಗ್ಗಿದರೆ ಅದಕ್ಕಿಂತ ಮೇಲೆ. ದೊಡ್ಡವರಲ್ಲಿ ಒಂದು ಕಿವಿಯ ಐದನೆಯ ಅಲೆ ಇನ್ನೊಂದಕ್ಕಿಂತ 0.4 ಮಿಲಿಸೆಕೆಂಡ್ ಹಿಂದೆ ಬಿದ್ದಿದ್ದರೆ ನರದ ಮೇಲಿನ ಗಡ್ಡೆಯ ಅನುಮಾನ ಬರುತ್ತದೆ, ಎಂಆರ್‌ಐಗೆ ಬರೆಯುತ್ತೇವೆ. ಸಣ್ಣ ಗಡ್ಡೆಗಳು ಬೆರಾದ ಕಣ್ಣು ತಪ್ಪಿಸುವುದುಂಟು. ಹಾಗಾಗಿ ಬೆರಾ ಸರಿಯಿದೆ ಎಂದು ಎಂಆರ್‌ಐ ಬಿಡುವಂತಿಲ್ಲ. ಹೆಂಗಸರಲ್ಲಿ ಐದನೆಯ ಅಲೆ ಗಂಡಸರಿಗಿಂತ ಸುಮಾರು 0.2 ಮಿಲಿಸೆಕೆಂಡ್ ಬೇಗ: ತಲೆಯೂ ಕಾಕ್ಲಿಯವೂ ಸರಾಸರಿಯಲ್ಲಿ ಚಿಕ್ಕವು. ಮೈ ತಣ್ಣಗಾದರೆ ಎಲ್ಲವೂ ನಿಧಾನ.

ಕೂಸುಗಳ ಲೆಕ್ಕ ಬೇರೆ. ತಿಂಗಳು ತುಂಬಿ ಹುಟ್ಟಿದ ಮಗುವಿನಲ್ಲಿ ಒಂದರಿಂದ ಐದಕ್ಕೆ ಸುಮಾರು 5 ಮಿಲಿಸೆಕೆಂಡ್. ಹಾದಿ ಚಿಕ್ಕದು, ಆದರೂ ಹೆಚ್ಚು ಹೊತ್ತು. ಕಾಂಡದ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಗರ್ಭದ 29ನೇ ವಾರದ ಹೊತ್ತಿಗೆ ಕಾಣಿಸಿಕೊಂಡಿದ್ದರೂ ಪೂರ್ತಿ ಬಲಿತಿರುವುದಿಲ್ಲ, ನರಕೋಶಗಳ ಸಂಧಿಗಳಲ್ಲಿ ಸಂಕೇತ ದಾಟುವುದೂ ಮಂದ. ಒಂದೂವರೆ-ಎರಡು ವರ್ಷಕ್ಕೆ ದೊಡ್ಡವರ ಅಳತೆಗೆ ಬರುತ್ತದೆ. ಹಾಗಾಗಿ 32ನೇ ವಾರಕ್ಕೆ ಹುಟ್ಟಿದ ಮಗುವನ್ನು ಮೂರು ತಿಂಗಳಿಗೆ ಪರೀಕ್ಷಿಸಿದರೆ, ಅದನ್ನು ಹೋಲಿಸಬೇಕಾದದ್ದು ಸುಮಾರು ಒಂದು ತಿಂಗಳ ಮಗುವಿನ ಜೊತೆ. ಈ ಎಂಟು ವಾರ ಕಳೆಯಲು ಮರೆತು 'ಮೆದುಳಿನ ಕಾಂಡದಲ್ಲಿ ದೋಷ' ಎಂದು ಬರೆದ ವರದಿಗಳನ್ನು ಹಿಡಿದುಕೊಂಡು ಬರುವವರನ್ನು ಕಂಡಾಗ ಬೇಸರವಾಗುತ್ತದೆ.

ಇನ್ನು ಅಲೆಯೇ ಇಲ್ಲದ ಗೆರೆ. ಇಲ್ಲಿ ಅವಸರ ಕೂಡದು. ಹುಟ್ಟಿದಾಗ ಹಳದಿಕಾಮಾಲೆ ವಿಪರೀತವಾಗಿ ರಕ್ತ ಬದಲಿಸಬೇಕಾಗಿ ಬಂದ ಮಕ್ಕಳಲ್ಲಿ ಬಿಲಿರುಬಿನ್ ಕಾಂಡದ ಶ್ರವಣ ಗಂಟುಗಳನ್ನು, ನರವನ್ನು ಕೆಡಿಸಿದ್ದು, ಕಾಕ್ಲಿಯದ ಹೊರಸಾಲಿನ ಕೋಶಗಳು ಚೆನ್ನಾಗಿಯೇ ಇರಬಹುದು. ಆಗ ನರತಂತುಗಳು ಸಿಡಿಯುತ್ತವೆ, ಆದರೆ ಒಂದೇ ತಾಳಕ್ಕೆ ಅಲ್ಲ, ಹಾಗಾಗಿ ಸರಾಸರಿಯಲ್ಲಿ ಏನೂ ಉಳಿಯುವುದಿಲ್ಲ. ಇದನ್ನು ಹಿಡಿಯಲು ಕ್ಲಿಕ್ಕಿನ ದಿಕ್ಕನ್ನು ಒಮ್ಮೆ ತಮಟೆಯನ್ನು ಒಳಕ್ಕೆ ತಳ್ಳುವಂತೆ, ಒಮ್ಮೆ ಹೊರಕ್ಕೆ ಎಳೆಯುವಂತೆ ಕೊಟ್ಟು ಎರಡು ಗೆರೆ ತೆಗೆಯಬೇಕು. ಆ ಹೊರಸಾಲಿನ ಕೋಶಗಳು ಶಬ್ದದ ಅಲೆಯನ್ನೇ ಅನುಕರಿಸಿ ಕೊಡುವ, ಕಾಕ್ಲಿಯದ ಮೈಕ್ರೋಫೋನಿಕ್ ಎಂಬ ವಿದ್ಯುತ್ತು, ದಿಕ್ಕು ಬದಲಿಸಿದಾಗ ತಲೆಕೆಳಗಾಗುತ್ತದೆ, ಒಂದರ ಮೇಲೊಂದು ಇಟ್ಟರೆ ಕನ್ನಡಿಯ ಹಾಗೆ ಕಾಣುತ್ತದೆ. ಎರಡು ದಿಕ್ಕುಗಳನ್ನೂ ಬೆರೆಸಿ ಕೊಡುವ ಆಯ್ಕೆಯಲ್ಲಿ ಅದು ಒಂದನ್ನೊಂದು ಕಳೆದು ಮಾಯವಾಗುತ್ತದೆ, ಹಾಗಾಗಿ ಗೆರೆ ಸಪಾಟಾದ ಕೂಡಲೇ ಆ ಆಯ್ಕೆ ತೆಗೆಯಬೇಕು. ಕಂಡದ್ದು ನಿಜವಾಗಿ ಕಾಕ್ಲಿಯದ್ದೋ, ಇಯರ್‌ಫೋನಿನ ವಿದ್ಯುತ್ತು ತಂತಿಗೆ ಹಾರಿದ್ದೋ? ಕೊಳವೆಯನ್ನು ಚಿವುಟಿ ಕ್ಲಿಪ್ ಹಾಕಿ ಮತ್ತೊಮ್ಮೆ ತೆಗೆಯಿರಿ. ಶಬ್ದ ನಿಂತ ಮೇಲೂ ಉಳಿದರೆ ಅದು ಯಂತ್ರದ್ದು, ಹೋದರೆ ಮಗುವಿನದು. ಎರಡು ನಿಮಿಷದ ಈ ಕೆಲಸ ಬಿಟ್ಟರೆ ಮಗುವಿಗೆ 'ಪೂರ್ಣ ಕಿವುಡು' ಎಂಬ ಹಣೆಪಟ್ಟಿ ತಪ್ಪಾಗಿ ಬೀಳಬಹುದು. ಇಂಥ ಮಕ್ಕಳಿಗೆ ಎಷ್ಟು ಕೇಳುತ್ತದೆ ಎಂದು ಬೆರಾದಿಂದ ಹೇಳಲಾಗದು, ಮುಂದೆ ಆಟದ ಮೂಲಕ ಮಾಡುವ ಪರೀಕ್ಷೆಯಿಂದಲೇ ತಿಳಿಯಬೇಕು.

ಮೈಕ್ರೋಫೋನಿಕ್ ಇದ್ದು ಅಲೆಯಿಲ್ಲದಿರುವುದಕ್ಕೆ ಇನ್ನೊಂದು ಕಾರಣ ನರವೇ ಇಲ್ಲದಿರುವುದು. ಎಂಆರ್‌ಐಯಲ್ಲಿ ಒಳಕಿವಿಯ ಎಲುಬಿನ ಓಣಿಯನ್ನು ಅಡ್ಡ ಕೊಯ್ದಂತೆ ನೋಡಿದರೆ ನಾಲ್ಕು ಚುಕ್ಕೆಗಳು ಕಾಣಬೇಕು: ಮುಖದ ನರ, ಕೇಳುವ ನರ, ಸಮತೋಲದ ಎರಡು ನರಗಳು. ಕೆಳಗೆ ಮುಂದಿನ ಚುಕ್ಕೆ ಇಲ್ಲದಿದ್ದರೆ, ಅಥವಾ ಮುಖದ ನರಕ್ಕಿಂತ ತೆಳ್ಳಗಿದ್ದರೆ, ಕಾಕ್ಲಿಯದೊಳಗೆ ತಂತಿ ಕೂರಿಸಿ ನರಕ್ಕೆ ನೇರವಾಗಿ ವಿದ್ಯುತ್ತು ಕೊಡುವ ಕಾಕ್ಲಿಯರ್ ಇಂಪ್ಲಾಂಟಿನ ಮಾತು ಬೇರೆಯೇ ಆಗುತ್ತದೆ. ಸಿಟಿ ಸ್ಕ್ಯಾನ್ ಎಲುಬನ್ನು ತೋರಿಸುತ್ತದೆ, ನರವನ್ನು ತೋರಿಸುವುದಿಲ್ಲ.

ಇಷ್ಟರ ವರೆಗಿನದ್ದು ಕಾಂಡದ ಕತೆ. ಮಗು ಶಬ್ದವನ್ನು ಕೇಳಿ ಅದನ್ನು ಅದೆಂದು ಗುರುತಿಸುವುದು ಮೇಲೆ, ಮೆದುಳಿನ ತೊಗಟೆಯಲ್ಲಿ. ಅದರ ಪರೀಕ್ಷೆ ಬೇರೆ ದಿನ, ಎಲ್ಲವೂ ತಿರುಗುಮುರುಗು. ಮಗು ಎಚ್ಚರವಿರಬೇಕು, ಸದ್ದು ಆರಿಸಿದ ಕಾರ್ಟೂನು ನೋಡುತ್ತ ಕುಳಿತಿರಬೇಕು. ಕ್ಲಿಕ್ಕಿನ ಬದಲು 'ಬಾ' ಎಂಬಂಥ ಉಚ್ಚಾರ, ಸೆಕೆಂಡಿಗೆ 27 ಅಲ್ಲ, ಒಂದೆರಡು ಸೆಕೆಂಡಿಗೆ ಒಂದು. 2000 ಅಲ್ಲ, ನೂರು ಸಲ ಸಾಕು, ಯಾಕೆಂದರೆ ಅಲೆ ಹತ್ತು ಪಟ್ಟು ದೊಡ್ಡದು. ಸೋಸುವುದು 1ರಿಂದ 30 ಹರ್ಟ್ಸ್, ನೋಡುವ ಅವಧಿ ಅರ್ಧ ಸೆಕೆಂಡ್. ಇಲ್ಲಿನ ಶತ್ರು ಕಣ್ಣು: ಒಂದು ರೆಪ್ಪೆ ಬಡಿತ ನೂರು ಮೈಕ್ರೋವೋಲ್ಟ್ ದಾಟಬಹುದು. ಕಣ್ಣಿನ ಕೆಳಗೆ ಒಂದು ಬಿಲ್ಲೆಯಿಟ್ಟು ಅಂಥವನ್ನು ಬಿಟ್ಟು ಎಣಿಸಬೇಕು.

ದೊಡ್ಡವರಲ್ಲಿ 50 ಮಿಲಿಸೆಕೆಂಡಿನ ಹತ್ತಿರ ಪಿ-1, 100ಕ್ಕೆ ಎನ್-1, 200ಕ್ಕೆ ಪಿ-2: ಪಿ ಎಂದರೆ ನೆತ್ತಿಯಲ್ಲಿ ಮೇಲಕ್ಕೇಳುವ ಅಲೆ, ಎನ್ ಎಂದರೆ ಕೆಳಕ್ಕಿಳಿಯುವುದು. ಕಲಿಯಲು ಬರುವವರು ಯಾವಾಗಲೂ ಕೇಳುವ ಪ್ರಶ್ನೆ: ಶ್ರವಣ ತೊಗಟೆ ಇರುವುದು ಕಿವಿಯ ಮೇಲೆ, ಕೆನ್ನೆತ್ತಿಯ ಒಳಗೆ. ಅಲೆ ನಡುನೆತ್ತಿಯಲ್ಲಿ ಯಾಕೆ ದೊಡ್ಡದು? ಉತ್ತರ ಮಡಿಕೆಯಲ್ಲಿದೆ. ಕೆನ್ನೆತ್ತಿಯ ಹಾಲೆಯ ಮೇಲ್ಮೈ ಒಂದು ಆಳವಾದ ಬಿರುಕಿನೊಳಗೆ ಅಡಗಿ, ಆಕಾಶ ನೋಡುತ್ತ ಮಲಗಿದೆ. ಅದರ ಮೇಲೆ ಅಡ್ಡಲಾಗಿ ಏಳುವ ದಿಣ್ಣೆಗೆ ಆಸ್ಟ್ರಿಯದ ಅಂಗರಚನಾ ತಜ್ಞ ಹೆಷ್ಲ್‌ನ ಹೆಸರು. ತೊಗಟೆಯ ಪಿರಮಿಡ್ ಕೋಶಗಳು ಬತ್ತದ ಪೈರಿನ ಹಾಗೆ ಮೇಲ್ಮೈಗೆ ನೆಟ್ಟಗೆ ಸಾಲಾಗಿ ನಿಂತಿರುತ್ತವೆ. ಗದ್ದೆ ಮೇಲ್ಮುಖವಾಗಿದ್ದರೆ ಪೈರೂ ಮೇಲಕ್ಕೇ. ಅವೆಲ್ಲ ಒಟ್ಟಿಗೆ ಕೆಲಸ ಮಾಡಿದಾಗ ಏಳುವ ವಿದ್ಯುತ್ತಿನ ಒಂದು ತುದಿ ನಡುನೆತ್ತಿಯ ಮುಂಭಾಗಕ್ಕೆ, ಇನ್ನೊಂದು ತುದಿ ಕೆಳಗೆ ಕಿವಿಯ ಹಿಂದಿನ ಎಲುಬಿಗೆ. ಮೂಗಿನ ತುದಿಯನ್ನು ಆಧಾರವಾಗಿಟ್ಟು ಅಳೆದರೆ ನೆತ್ತಿಯಲ್ಲಿ ಕೆಳಕ್ಕಿಳಿದ ಎನ್-1 ಕಿವಿಯ ಹಿಂದೆ ಮೇಲಕ್ಕೇಳುವುದನ್ನು ಕಣ್ಣಾರೆ ನೋಡಬಹುದು. ಕಿವಿಯ ಹಿಂದಿನ ಬಿಲ್ಲೆಯನ್ನೇ ಆಧಾರವಾಗಿಟ್ಟರೆ ಅಲೆ ದೊಡ್ಡದಾಗಿ ಕಾಣುವುದು, ಆ ವಿರುದ್ಧ ಭಾಗವೂ ಲೆಕ್ಕಕ್ಕೆ ಸೇರುವುದರಿಂದ.

ಹೆಷ್ಲ್ ದಿಣ್ಣೆ ಎಲ್ಲರಲ್ಲೂ ಒಂದೇ ಥರ ಇಲ್ಲ. ಕೆಲವರಲ್ಲಿ ಒಂದು, ಕೆಲವರಲ್ಲಿ ಎರಡು, ಇನ್ನು ಕೆಲವರಲ್ಲಿ ಅರ್ಧ ದಾರಿಯಲ್ಲಿ ಕವಲು. ಒಂದೇ ತಲೆಯ ಎಡ-ಬಲಗಳೂ ಹೊಂದುವುದಿಲ್ಲ. 2002ರಲ್ಲಿ ಹೈಡೆಲ್‌ಬರ್ಗಿನ ಸಂಶೋಧಕರು ವೃತ್ತಿಪರ ಸಂಗೀತಗಾರರನ್ನು ಸಂಗೀತ ಕಲಿಯದವರ ಜೊತೆ ಹೋಲಿಸಿ, ದಿಣ್ಣೆಯ ಮುಂದಿನ ಒಳಭಾಗದ ಬೂದು ದ್ರವ್ಯ 130 ಶೇಕಡ ಹೆಚ್ಚೆಂದೂ, ಸ್ವರ ಶುರುವಾದ 19ರಿಂದ 30 ಮಿಲಿಸೆಕೆಂಡಿನೊಳಗಿನ ಪ್ರತಿಕ್ರಿಯೆ 102 ಶೇಕಡ ದೊಡ್ಡದೆಂದೂ ತೋರಿಸಿದರು. ಅವರು ಅಳೆದದ್ದು ಅದೇ ವಿದ್ಯುತ್ತಿನ ಕಾಂತಕ್ಷೇತ್ರವನ್ನು. ರಚನೆಗೂ ಪ್ರತಿಕ್ರಿಯೆಗೂ ಇರುವ ನಂಟು ಇಷ್ಟು ಗಟ್ಟಿ ಎಂದು ಓದಿದ ಉತ್ಸಾಹದಲ್ಲಿ, ಅಲೆಯ ಎತ್ತರ ನೋಡಿ ಒಬ್ಬ ಮಗುವಿನ ತೊಗಟೆಯ ಗಾತ್ರ ಹೇಳಲು ಹೊರಡಬಾರದು. ಮಡಿಕೆಯ ಎದುರುಬದುರಿನ ಗೋಡೆಗಳಲ್ಲಿ ಎದ್ದ ವಿದ್ಯುತ್ತು ಒಂದನ್ನೊಂದು ಕಳೆಯುತ್ತದೆ, ತಲೆಬುರುಡೆಯ ದಪ್ಪ ಒಬ್ಬೊಬ್ಬರದ್ದು ಒಂದೊಂದು, ದಿಣ್ಣೆ ತುಸು ವಾಲಿದರೂ ನೆತ್ತಿಗೆ ತಲುಪುವ ಪಾಲು ಬದಲಾಗುತ್ತದೆ. ಎತ್ತರ ಇಷ್ಟಕ್ಕೆಲ್ಲ ಮಣಿಯುತ್ತದೆ. ಸಮಯ ಮಣಿಯುವುದು ಕಡಿಮೆ. ನಾವು ಮೊದಲು ಗಡಿಯಾರ ನೋಡಿ ಆಮೇಲೆ ಅಳತೆಪಟ್ಟಿ ಹಿಡಿಯುವುದು ಇದರಿಂದ.

ಮಕ್ಕಳಲ್ಲಿ ಆ ಸಮಯ ದಾರಿ ಎಷ್ಟು ಬಲಿತಿದೆಯೆಂದು ಹೇಳುತ್ತದೆ. ನವಜಾತ ಶಿಶುವಿನ ಪಿ-1 ಸುಮಾರು 300 ಮಿಲಿಸೆಕೆಂಡಿಗೆ ಬಂದರೆ, ವರ್ಷಗಳು ಕಳೆದಂತೆ 100ಕ್ಕೆ, ಆಮೇಲೆ 50-60ಕ್ಕೆ ಇಳಿಯುತ್ತದೆ. ಕಾಂಡಕ್ಕೂ ತೊಗಟೆಗೂ ನಡುವಿನ ನಿಲ್ದಾಣವಾದ ಥಲಾಮಸ್ಸಿನಿಂದ ಹೆಷ್ಲ್ ದಿಣ್ಣೆಗೆ ಬರುವ ಬಿಳಿ ತಂತುಗಳ ಹೊದಿಕೆ ಹುಟ್ಟಿದ ಮೇಲೆ ಬಲಿಯುತ್ತ ಹೋಗುತ್ತದೆ. ತೊಗಟೆಯ ಆಳದ ಪದರಗಳು ಐದು ವರ್ಷದ ಹೊತ್ತಿಗೆ, ಮೇಲಿನ ಪದರಗಳು ಹನ್ನೆರಡರ ಹೊತ್ತಿಗೆ ಪಕ್ವವಾಗುತ್ತವೆ. ಚಿಕ್ಕ ಮಕ್ಕಳಲ್ಲಿ ಪಿ-1 ಒಂದೇ ಎದ್ದು ಕಂಡು ಎನ್-1 ಕಾಣದಿರುವುದು ಸಹಜ, ಆ ಮೇಲಿನ ಪದರಗಳು ಇನ್ನೂ ತಯಾರಾಗಿಲ್ಲ. ಶಬ್ದ ಬೀಳದೆ ಇದ್ದರೆ ಈ ಬೆಳವಣಿಗೆ ನಿಲ್ಲುತ್ತದೆ. ಮೂರೂವರೆ ವರ್ಷದ ಒಳಗೆ ಇಂಪ್ಲಾಂಟ್ ಆದ ಮಕ್ಕಳಲ್ಲಿ ಪಿ-1 ಕೆಲವೇ ತಿಂಗಳಲ್ಲಿ ವಯಸ್ಸಿನ ಅಳತೆಗೆ ಬರುವುದೂ, ಏಳು ದಾಟಿದ ಮೇಲೆ ಆದವರಲ್ಲಿ ಹೆಚ್ಚಾಗಿ ತಡವಾಗಿಯೇ ಉಳಿಯುವುದೂ ಸಂಶೋಧಕಿ ಅನು ಶರ್ಮ ಮತ್ತು ಜೊತೆಗಾರರ ಅಧ್ಯಯನಗಳಿಂದ ಸ್ಪಷ್ಟವಾಗಿದೆ. ಹೆತ್ತವರಿಗೆ ಇದನ್ನು ಹೇಳುವಾಗ ನಾವು ಮಾತಿಗೆ ಮೆದು ಲೇಪ ಹಚ್ಚುವುದಿಲ್ಲ. "ಗಂಡುಮಕ್ಕಳಿಗೆ ಮಾತು ತಡ, ಅಪ್ಪನಿಗೂ ನಾಲ್ಕು ವರ್ಷಕ್ಕೇ ಬಂದದ್ದು" ಎಂದು ಮನೆಯಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ. "ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಮಲಯಾಳ, ಅದಕ್ಕೇ ಗೊಂದಲ" ಎಂಬುದು ಇನ್ನೊಂದು. ಕ್ಲಿಕ್ಕಿಗೆ ಭಾಷೆಯಿಲ್ಲ. ಮೂರು ಭಾಷೆ ಕೇಳಿದ್ದರಿಂದ ಐದನೆಯ ಅಲೆ ಕಾಣೆಯಾಗುವುದಿಲ್ಲ.

ವರದಿಯಲ್ಲಿ 'ಪಾಸ್', 'ಫೇಲ್' ಎಂದು ನಾವು ಬರೆಯುವುದಿಲ್ಲ. ಯಾವ ಕಿವಿ, ಯಾವ ಶಬ್ದ, ಎಷ್ಟು ಡೆಸಿಬೆಲ್ಲಿನ ವರೆಗೆ ಐದನೆಯ ಅಲೆ, ಅಂತರಗಳು ಎಷ್ಟು, ಬೇಗ ಹುಟ್ಟಿದ ವಾರಗಳನ್ನು ಕಳೆದ ಮೇಲೆ ಮಗುವಿನ ವಯಸ್ಸು ಎಷ್ಟು, ನಡುಗಿವಿ ಹೇಗಿತ್ತು, ನಿದ್ದೆ ಹೇಗಿತ್ತು, ದಿಕ್ಕು ಬದಲಿಸಿ ನೋಡಿದೆವೇ. ಗೆರೆಗಳನ್ನೂ ಜೊತೆಗೆ ಲಗತ್ತಿಸುತ್ತೇವೆ, ಮಂಗಳೂರಿನಲ್ಲೋ ಮೈಸೂರಿನಲ್ಲೋ ನೋಡುವವರು ಅವನ್ನು ತಾವೇ ಓದಲಿ.

ಪೇಸ್ಟನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಕೂದಲಿಗೆ ಅಂಟಿದ್ದಕ್ಕೆ ಆಮೇಲೆ ಎಣ್ಣೆ ಹಚ್ಚಬಹುದು. ಶ್ರವಣಯಂತ್ರ ಹಾಕಿದ ಮಕ್ಕಳಿಗೆ ಮೂರು ತಿಂಗಳ ನಂತರ ಪಿ-1 ನೋಡಲು ದಿನ ಕೊಡುತ್ತೇವೆ. ಆ ದಿನ ಮಗು ಬಸ್ಸಿನಲ್ಲಿ ಬೇಕಾದಷ್ಟು ನಿದ್ದೆ ಮಾಡಲಿ, ಎಬ್ಬಿಸಬೇಡಿ ಎಂದು ತಾಯಿಗೆ ಮತ್ತೆ ಹೇಳುತ್ತೇವೆ. ತಲೆಗೆ ಎಣ್ಣೆ ಮಾತ್ರ ಆಗಲೂ ಬೇಡ.